ವಿಚ್ಛೇದನಕ್ಕೆ ಮುಂಚೆ ಮನೆ ಬಿಡುವವರಿಗೆ: ಯಾವ ಸರ್ಕಾರಿ ಸೇವೆ ಎಷ್ಟು ಕೆಲಸಕ್ಕೆ ಬರುತ್ತದೆ

"ನೀನಾಗಿ ಹೊಸಿಲು ದಾಟಿದರೆ ಈ ಮನೆ ಮೇಲಿನ ಹಕ್ಕು ಮುಗಿಯಿತು" ಎಂದು ಹೆಣ್ಣುಮಕ್ಕಳನ್ನು ಹೆದರಿಸುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಅತ್ತೆ ಮಾವ ಮಾತ್ರವಲ್ಲ, ಹೆತ್ತವರೂ ಹಾಗೇ ನಂಬಿರುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ. ಮನೆ ಬಿಟ್ಟದ್ದರಿಂದ ಹಕ್ಕು ಕಳೆದುಕೊಂಡವರು ಬಹಳ ಕಡಿಮೆ. ಕಾಗದಪತ್ರ, ಒಡವೆಯ ಲೆಕ್ಕ, ಬ್ಯಾಂಕಿನ ವಿವರ ಯಾವುದೂ ಕೈಯಲ್ಲಿಲ್ಲದೆ ಬಂದು, ಆ ಹಕ್ಕನ್ನು ಸಾಬೀತು ಮಾಡಲಾಗದೆ ಸೋತವರೇ ಹೆಚ್ಚು. ಆದ್ದರಿಂದ ಈ ವಿಮರ್ಶೆಯಲ್ಲಿ ಕರ್ನಾಟಕದಲ್ಲಿ ಸಿಗುವ ಸೇವೆಗಳನ್ನು ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿದ್ದೇವೆ: ಮನೆ ಬಿಡುವ ಮುನ್ನ ಮತ್ತು ಬಿಟ್ಟ ಮೊದಲ ಕೆಲವು ವಾರಗಳಲ್ಲಿ ಆಸ್ತಿ ಉಳಿಸಿಕೊಳ್ಳಲು ಇವುಗಳಲ್ಲಿ ಯಾವುದು ನಿಜವಾಗಿ ನೆರವಾಗುತ್ತದೆ?

ಹೊಡೆತ ಬಡಿತ, ಪ್ರಾಣಭಯ ಇದ್ದರೆ ಕೆಳಗಿನ ಯಾವುದಕ್ಕೂ ಕಾಯಬೇಡಿ. 112ಕ್ಕೋ 181ಕ್ಕೋ ಕರೆ ಮಾಡಿ, ಮಕ್ಕಳನ್ನು ಕರೆದುಕೊಂಡು ಹೊರಡಿ. ಕಾಗದ ಆಮೇಲೂ ತೆಗೆಯಬಹುದು. ಹೇಗೆಂದು ಮುಂದೆ ಹೇಳಿದ್ದೇವೆ.

ಮೊದಲು ಹಕ್ಕು ಎಷ್ಟಿದೆ ಎಂದು ತಿಳಿದಿರಲಿ

ಮದುವೆಯಾದ ಮಾತ್ರಕ್ಕೆ ಗಂಡನ ಆಸ್ತಿಯಲ್ಲಿ ಹೆಂಡತಿಗೆ ಅರ್ಧ ಪಾಲು ಬರುವ ಕಾನೂನು ನಮ್ಮಲ್ಲಿಲ್ಲ. ಗೋವಾ ಇದಕ್ಕೆ ಅಪವಾದ. ಅಲ್ಲಿನ ಸಿವಿಲ್ ಸಂಹಿತೆಯಡಿ ಮದುವೆಯಾದವರಿಗೆ, ಬೇರೆ ಕರಾರು ಇಲ್ಲದಿದ್ದರೆ, ಆಸ್ತಿ ಇಬ್ಬರದೂ ಆಗುತ್ತದೆ. ಗಂಡನ ಸ್ಥಿರಾಸ್ತಿಯಲ್ಲಿ ಪತ್ನಿಗೆ ಪಾಲು ಕೊಡಬೇಕೆಂಬ ಮಸೂದೆಯೊಂದು 2013ರಲ್ಲಿ ರಾಜ್ಯಸಭೆ ದಾಟಿತು, ಲೋಕಸಭೆ ದಾಟಲಿಲ್ಲ. ಹಾಗಾಗಿ ಇಂದಿಗೂ ಕ್ರಯಪತ್ರದಲ್ಲಿ ಯಾರ ಹೆಸರಿದೆಯೋ ಆಸ್ತಿ ಅವರದು. ಜಂಟಿ ಹೆಸರಿದ್ದರೆ ಇಬ್ಬರದು.

ಆದರೆ ಒಡೆತನವೇ ಬೇರೆ, ವಾಸದ ಹಕ್ಕೇ ಬೇರೆ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯ 17ನೇ ಕಲಂ ಪ್ರಕಾರ, ಮನೆ ಯಾರ ಹೆಸರಿನಲ್ಲೇ ಇರಲಿ, ಬಾಡಿಗೆಯದ್ದೇ ಆಗಿರಲಿ, ಸಂಸಾರ ಮಾಡಿದ ಮನೆಯಲ್ಲಿ ವಾಸಿಸುವ ಹಕ್ಕು ಹೆಂಡತಿಗಿದೆ. ಅತ್ತೆಯ ಹೆಸರಿನ ಮನೆಗೆ ಇದು ಅನ್ವಯಿಸುವುದಿಲ್ಲ ಎಂಬ 2006ರ ಬಾತ್ರಾ ತೀರ್ಪನ್ನು ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್ 15ರಂದು ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ತಳ್ಳಿಹಾಕಿತು. ಅದಾದ ಎರಡೇ ತಿಂಗಳಿಗೆ ಬಂದದ್ದು ನಮ್ಮ ಬೆಂಗಳೂರಿನದೇ ಪ್ರಕರಣ, ಎಸ್. ವನಿತಾ ತೀರ್ಪು. ಗಂಡನ ಹೆಸರಿನಲ್ಲಿದ್ದ ಆಸ್ತಿ ಮಾವನಿಗೆ ಹೋಗಿ, ಮಾವನಿಂದ ದಾನಪತ್ರದ ಮೂಲಕ ಅತ್ತೆಗೆ ಹೋಗಿತ್ತು. ಹಿರಿಯ ನಾಗರಿಕರ ಕಾಯ್ದೆ ಬಳಸಿ ಸೊಸೆಯನ್ನು ಖಾಲಿ ಮಾಡಿಸುವ ಆದೇಶವನ್ನೂ ತಂದಿದ್ದರು. ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು.

ಮನೆ ಬಿಟ್ಟವರಿಗೆ ಮುಖ್ಯವಾದದ್ದು 2022ರ ಮೇ 12ರ ಪ್ರಭಾ ತ್ಯಾಗಿ ತೀರ್ಪು. ಅರ್ಜಿ ಹಾಕುವ ದಿನ ಆ ಮನೆಯಲ್ಲೇ ಇರಬೇಕು ಎಂಬ ನಿಯಮವಿಲ್ಲ, ಹೊರಗೆ ಬಂದವಳೂ ವಾಸದ ಹಕ್ಕು ಕೇಳಬಹುದು ಎಂದು ಅದು ಸ್ಪಷ್ಟವಾಗಿ ಹೇಳಿದೆ. ಈ ಹೆಸರನ್ನು ಬರೆದಿಟ್ಟುಕೊಳ್ಳಿ, ವಕೀಲರ ಮುಂದೆ ಹೇಳಿ.

ವಿಚ್ಛೇದನದ ಡಿಕ್ರಿ, ಅಂದರೆ ನ್ಯಾಯಾಲಯದ ಅಂತಿಮ ಆದೇಶ, ಆದ ಮೇಲೆ ಈ ವಾಸದ ಹಕ್ಕು ಬಹಳ ದುರ್ಬಲವಾಗುತ್ತದೆ. ಆದ್ದರಿಂದಲೇ ಡಿಕ್ರಿಗೆ ಮುಂಚಿನ ತಿಂಗಳುಗಳಿಗೆ ಇಷ್ಟು ಬೆಲೆ.

ಕಾವೇರಿ 2.0: ಕೊಡುವ ದುಡ್ಡಿಗೆ ಅತಿ ಹೆಚ್ಚು ಲಾಭ

ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಈ ಆನ್‌ಲೈನ್ ಸೇವೆಯನ್ನು ಮನೆ ಖರೀದಿಸುವವರು ಮಾತ್ರ ಬಳಸುತ್ತಾರೆ ಎಂಬ ಭಾವನೆ ಇದೆ. ನಮ್ಮ ಅಭಿಪ್ರಾಯದಲ್ಲಿ ಮನೆ ಬಿಡುವವರಿಗೆ ಇದಕ್ಕಿಂತ ಉಪಯೋಗದ ಸೇವೆ ಇನ್ನೊಂದಿಲ್ಲ. ಕಾರಣ ಸರಳ. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಅಡಮಾನ ಎಲ್ಲವೂ ಉಪನೋಂದಣಾಧಿಕಾರಿ ಕಚೇರಿಯ 1ನೇ ಪುಸ್ತಕದಲ್ಲಿ ದಾಖಲಾಗುತ್ತವೆ. ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ ಆ ಪುಸ್ತಕದ ನಕಲನ್ನು ಶುಲ್ಕ ಕಟ್ಟಿದ ಯಾರು ಬೇಕಾದರೂ ಕೇಳಬಹುದು. ಗಂಡನ ಸಹಿ ಬೇಡ, ಒಪ್ಪಿಗೆ ಬೇಡ, ಅವರಿಗೆ ತಿಳಿಸಬೇಕಾಗಿಯೂ ಇಲ್ಲ. ಬೀರುವಿನಲ್ಲಿರುವ ಮೂಲ ಪತ್ರಕ್ಕಾಗಿ ಜಗಳವಾಡುವ ಅಗತ್ಯವೇ ಇಲ್ಲ. ದೃಢೀಕೃತ ನಕಲನ್ನು ನ್ಯಾಯಾಲಯ ಸಾಕ್ಷ್ಯವಾಗಿ ಸ್ವೀಕರಿಸುತ್ತದೆ.

ಮಾಡುವುದು ಹೀಗೆ. ನಿಮ್ಮದೇ ಮೊಬೈಲ್ ಸಂಖ್ಯೆ, ನಿಮ್ಮದೇ ಇಮೇಲ್ ಕೊಟ್ಟು ಖಾತೆ ತೆರೆಯಿರಿ. ಮನೆಯವರ ಫೋನಿಗೆ ಒಟಿಪಿ ಹೋಗುವ ಹಾಗಿರಬಾರದು. ಮೊದಲು ಋಣಭಾರ ಪ್ರಮಾಣಪತ್ರಕ್ಕೆ, ಅಂದರೆ ಎಲ್ಲರೂ ಇಸಿ ಎನ್ನುವುದಕ್ಕೆ, ಅರ್ಜಿ ಹಾಕಿ. ಅವಧಿಯನ್ನು ಆಸ್ತಿ ಕೊಂಡ ದಿನಕ್ಕಿಂತ ಸ್ವಲ್ಪ ಹಿಂದಿನಿಂದ ಇವತ್ತಿನವರೆಗೆ ಕೊಡಿ. ಸ್ವತ್ತಿನ ಸಂಖ್ಯೆ ಅಥವಾ ಸರ್ವೆ ನಂಬರ್, ಗ್ರಾಮ ಅಥವಾ ವಾರ್ಡ್, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಬೇಕಾಗುತ್ತದೆ. ಇವು ಗೊತ್ತಿಲ್ಲದಿದ್ದರೆ ಆಸ್ತಿ ತೆರಿಗೆ ರಸೀದಿ, ಗೃಹಸಾಲದ ಮಂಜೂರಾತಿ ಪತ್ರ, ಖಾತಾ ನಕಲು, ಇವುಗಳಲ್ಲಿ ಯಾವುದಾದರೂ ಒಂದರ ಫೋಟೊ ತೆಗೆದುಕೊಂಡರೆ ಸಾಕು. ಇಸಿಯಲ್ಲಿ ದಸ್ತಾವೇಜಿನ ಸಂಖ್ಯೆ, ವರ್ಷ, ಕಚೇರಿಯ ಹೆಸರು ಬರುತ್ತದೆ. ಅದನ್ನು ಹಾಕಿ ದೃಢೀಕೃತ ನಕಲಿಗೆ ಎರಡನೇ ಅರ್ಜಿ ಹಾಕಬೇಕು.

ಒಂದು ಸಲ ಇಸಿ ತೆಗೆದು ಸುಮ್ಮನಾಗಬೇಡಿ. ಕರ್ನಾಟಕದಲ್ಲಿ ತಂದೆ, ತಾಯಿ, ಸಹೋದರರಂಥ ಹತ್ತಿರದ ಸಂಬಂಧಿಗಳಿಗೆ ದಾನಪತ್ರ ಮಾಡಿಕೊಡಲು ಮಾರುಕಟ್ಟೆ ಬೆಲೆಯ ಮೇಲೆ ಮುದ್ರಾಂಕ ಶುಲ್ಕ ಕಟ್ಟಬೇಕಿಲ್ಲ, ಕೆಲವೇ ಸಾವಿರ ರೂಪಾಯಿಯಲ್ಲಿ ಮುಗಿಯುತ್ತದೆ. ಕೋಟಿ ಬೆಲೆಯ ಮನೆ ಒಂದು ಮಧ್ಯಾಹ್ನದಲ್ಲಿ ತಮ್ಮನ ಹೆಸರಿಗೆ ಹೋಗಬಹುದು. ವಾಸದ ಹಕ್ಕನ್ನು ಅದು ಸುಲಭವಾಗಿ ಮುರಿಯುವುದಿಲ್ಲ, ಆದರೆ ಜೀವನಾಂಶ ವಸೂಲಿ ಮಾಡುವಾಗ "ನನ್ನ ಹೆಸರಿನಲ್ಲಿ ಏನೂ ಇಲ್ಲ" ಎನ್ನಲು ದಾರಿ ಮಾಡಿಕೊಡುತ್ತದೆ. ಮನೆ ಬಿಟ್ಟ ದಿನಕ್ಕೆ ಹತ್ತಿರದ ಒಂದು ಇಸಿ, ಆಮೇಲೆ ಎರಡು ಮೂರು ತಿಂಗಳಿಗೊಂದು ಇಸಿ ಇದ್ದರೆ, ವರ್ಗಾವಣೆ ಯಾವಾಗ ನಡೆಯಿತು, ಯಾವ ನೋಟಿಸಿನ ನಂತರ ನಡೆಯಿತು ಎಂಬುದು ತಾರೀಖು ಸಮೇತ ಸಿಗುತ್ತದೆ. ಸಾಲಗಾರರನ್ನು ಮತ್ತು ಹಕ್ಕುದಾರರನ್ನು ವಂಚಿಸಲು ಮಾಡಿದ ವರ್ಗಾವಣೆಯನ್ನು ಪ್ರಶ್ನಿಸುವಾಗ ಆ ತಾರೀಖಿಗಿಂತ ಗಟ್ಟಿಯಾದ ಆಧಾರ ಇನ್ನೊಂದಿಲ್ಲ.

ಕಾವೇರಿಯ ಮಿತಿಗಳೂ ಇವೆ. ನೋಂದಣಿಯಾಗದ ಕರಾರು ಇಸಿಯಲ್ಲಿ ಕಾಣುವುದಿಲ್ಲ. ಉಯಿಲು ಮತ್ತು ಅಧಿಕಾರ ಪತ್ರ ಬೇರೆ ಪುಸ್ತಕಗಳಲ್ಲಿರುವುದರಿಂದ ನಿಮಗೆ ಸಿಗುವುದಿಲ್ಲ. ಗಣಕೀಕರಣಕ್ಕೆ ಮುಂಚಿನ ದಾಖಲೆಗಳಿಗೆ ಕಚೇರಿಗೇ ಹೋಗಬೇಕು. ಸ್ವತ್ತಿನ ವಿವರದಲ್ಲಿ ಒಂದು ಅಂಕಿ ತಪ್ಪಿದರೂ "ವಹಿವಾಟು ಇಲ್ಲ" ಎಂಬ ನಮೂನೆ 16 ಬರುತ್ತದೆ. ಅದನ್ನು ನಂಬಿ ಕೂರಬೇಡಿ, ನಿಮಗೆ ಗೊತ್ತಿರುವ ಕ್ರಯಪತ್ರವೇ ಅದರಲ್ಲಿ ಕಾಣದಿದ್ದರೆ ವಿವರ ತಪ್ಪಿದೆ ಎಂದರ್ಥ. ಇನ್ನೊಂದು ಮಾತು: ಖಾತಾ ಎಂಬುದು ತೆರಿಗೆ ದಾಖಲೆ, ಒಡೆತನದ ದಾಖಲೆಯಲ್ಲ. ಖಾತಾ ಗಂಡನ ಹೆಸರಿಗಿದೆ ಎಂದು ಜಂಟಿ ಕ್ರಯಪತ್ರದ ಪಾಲು ಕರಗುವುದಿಲ್ಲ.

ಭೂಮಿ: ಜಮೀನು ಇದ್ದವರಿಗೆ

ಊರಿನಲ್ಲಿ ಜಮೀನು ಇದ್ದರೆ ಕಂದಾಯ ಇಲಾಖೆಯ ಭೂಮಿ ತಂತ್ರಾಂಶದಲ್ಲಿ ಸರ್ವೆ ನಂಬರ್ ಹಾಕಿ ಪಹಣಿ ಮತ್ತು ಮ್ಯುಟೇಷನ್ ವಹಿ ಎರಡನ್ನೂ ತೆಗೆಯಿರಿ. ಪಹಣಿ ಇವತ್ತಿನ ಸ್ಥಿತಿ ಹೇಳುತ್ತದೆ, ಹಕ್ಕು ಯಾರಿಂದ ಯಾರಿಗೆ ಬಂತೆಂಬುದು ಮ್ಯುಟೇಷನ್‌ನಲ್ಲಿದೆ. ಜಮೀನು ಗಂಡನ ಸ್ವಯಾರ್ಜಿತವೋ ಪಿತ್ರಾರ್ಜಿತವೋ ಎಂಬುದು ಅಲ್ಲೇ ತಿಳಿಯುತ್ತದೆ, ಈ ವ್ಯತ್ಯಾಸ ಬಹಳ ದೊಡ್ಡದು. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡ ಬದುಕಿರುವಾಗ ಹೆಂಡತಿಗೆ ಸ್ವತಂತ್ರ ಪಾಲಿಲ್ಲ, ಆದರೆ ಮಕ್ಕಳಿಗೆ, ಹೆಣ್ಣಾಗಲಿ ಗಂಡಾಗಲಿ, ಹುಟ್ಟಿನಿಂದಲೇ ಪಾಲಿದೆ. ಅಪ್ರಾಪ್ತ ಮಕ್ಕಳ ಪರವಾಗಿ ತಾಯಿ ವಿಭಾಗದ ದಾವೆ ಹಾಕಬಹುದು. ತನ್ನ ಜೀವನಾಂಶದ ಬಗ್ಗೆಯಷ್ಟೇ ಯೋಚಿಸುವ ತಾಯಂದಿರಿಗೆ ಈ ದಾರಿ ಹೊಳೆಯುವುದಿಲ್ಲ, ಎಷ್ಟೋ ಸಲ ವಕೀಲರೂ ನೆನಪಿಸುವುದಿಲ್ಲ.

ನ್ಯಾಯಾಲಯದ ತಡೆಯಾಜ್ಞೆ ಸಿಕ್ಕ ಮೇಲೆ ಅದರ ಪ್ರತಿಯನ್ನು ತಹಶೀಲ್ದಾರರಿಗೆ ಕೊಟ್ಟು ಪಹಣಿಯ 11ನೇ ಕಾಲಮ್ಮಿನಲ್ಲಿ ನಮೂದಿಸಲು ಕೇಳಿ. ಕೊಳ್ಳಲು ಬಂದವರು ಮೊದಲು ನೋಡುವುದೇ ಅದನ್ನು.

ಬ್ಯಾಂಕು ಮತ್ತು ಲಾಕರ್: ಅರ್ಧ ನೆರವು, ಅರ್ಧ ಅಡ್ಡಿ

ಒಡವೆಯ ವಿಷಯದಲ್ಲಿ ಕಾನೂನು ನಿಮ್ಮ ಕಡೆ ಗಟ್ಟಿಯಾಗಿದೆ. ತವರಿನವರು ಕೊಟ್ಟದ್ದು, ಗಂಡನ ಮನೆಯವರು ಮದುವೆಯಲ್ಲಿ ಹಾಕಿದ್ದು, ಬಂಧುಗಳು ನಿಮಗೆ ಮುಯ್ಯಿ ಮಾಡಿದ್ದು, ಎಲ್ಲವೂ ಸ್ತ್ರೀಧನ. 1985ರ ಪ್ರತಿಭಾ ರಾಣಿ ತೀರ್ಪಿನಿಂದ 2024ರ ಮಾಯಾ ಗೋಪಿನಾಥನ್ ತೀರ್ಪಿನವರೆಗೆ ಸುಪ್ರೀಂ ಕೋರ್ಟ್ ಒಂದೇ ಮಾತು ಹೇಳುತ್ತ ಬಂದಿದೆ: ಸ್ತ್ರೀಧನ ಹೆಂಡತಿಯ ಸ್ವಂತ ಆಸ್ತಿ, ಅದು ಜಂಟಿ ಆಸ್ತಿಯಲ್ಲ, ಕಷ್ಟಕಾಲದಲ್ಲಿ ಗಂಡ ಬಳಸಿದರೂ ಹಿಂದಿರುಗಿಸಬೇಕು.

ತೊಡಕಿರುವುದು ಲೆಕ್ಕದಲ್ಲಿ. ಲಾಕರಿನೊಳಗೆ ಏನಿದೆ ಎಂಬ ಪಟ್ಟಿ ಬ್ಯಾಂಕಿನ ಹತ್ತಿರ ಇರುವುದಿಲ್ಲ, ಇದ್ದದ್ದೆಲ್ಲ ಖಾಲಿಯಾದರೂ ಅವರು ಸಾಕ್ಷಿ ಹೇಳಲಾರರು. ಅವರಲ್ಲಿರುವುದು ಲಾಕರ್ ತೆರೆದ ದಿನ, ವೇಳೆ ಮತ್ತು ಸಹಿಯ ದಾಖಲೆ ಮಾತ್ರ. 2022ರ ಜನವರಿಯಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಲಾಕರ್ ತೆರೆದ ದಿನವೇ ಬಾಡಿಗೆದಾರರ ನೋಂದಾಯಿತ ಫೋನ್ ಮತ್ತು ಇಮೇಲಿಗೆ ಸಂದೇಶ ಬರಬೇಕು. ನಿಮ್ಮ ಸಂಖ್ಯೆ ಅಲ್ಲಿ ನೋಂದಣಿಯಾಗಿದೆಯೇ ಎಂದು ಈಗಲೇ ನೋಡಿಕೊಳ್ಳಿ. ಜಂಟಿ ಲಾಕರ್ ಆಗಿದ್ದು, ಇಬ್ಬರಲ್ಲಿ ಯಾರು ಬೇಕಾದರೂ ತೆರೆಯುವ ವ್ಯವಸ್ಥೆ ಇದ್ದರೆ ನೀವೂ ತೆರೆಯಬಹುದು. ತೆರೆದು ನಿಮ್ಮ ಒಡವೆಯನ್ನು ನಿಮ್ಮೊಬ್ಬರ ಹೆಸರಿನ ಬೇರೆ ಲಾಕರಿಗೆ ಸಾಗಿಸುವುದು ತಪ್ಪಲ್ಲ. ಗಂಡನ ಉಂಗುರ, ಸರ, ಅತ್ತೆಯ ಒಡವೆ ಮುಟ್ಟಬೇಡಿ. ಅದೊಂದರಿಂದಲೇ ನಿಮ್ಮ ಮೇಲೆ ಕಳವಿನ ದೂರು ಹುಟ್ಟುತ್ತದೆ.

ಒಡವೆಯ ಪಟ್ಟಿ ಮಾಡುವಾಗ "ಚಿನ್ನ ಸುಮಾರು 200 ಗ್ರಾಂ" ಎಂದು ಬರೆದರೆ ಪ್ರಯೋಜನವಿಲ್ಲ. ಒಂದೊಂದು ಒಡವೆಗೂ ಹೆಸರು, ತೂಕ, ಕೊಟ್ಟವರು, ಕೊಟ್ಟ ಸಂದರ್ಭ, ಬಿಲ್ ಇದ್ದರೆ ಅಂಗಡಿ ಮತ್ತು ದಿನಾಂಕ, ಈಗ ಯಾರ ವಶದಲ್ಲಿದೆ ಎಂಬುದನ್ನು ಬರೆಯಿರಿ. ಈಚಿನ ಒಡವೆಗಳ ಮೇಲೆ ಆರು ಅಕ್ಷರ ಅಂಕಿಗಳ ಹಾಲ್‌ಮಾರ್ಕ್ ಗುರುತು ಇರುತ್ತದೆ, ಅದು ಕಾಣುವಂತೆ ಫೋಟೊ ತೆಗೆಯಿರಿ. ಹಳೆಯವಕ್ಕೆ ಮದುವೆಯ ಆಲ್ಬಮ್ಮೇ ಸಾಕ್ಷಿ: ಧಾರೆ, ಆರತಕ್ಷತೆಯ ಫೋಟೊಗಳಲ್ಲಿ ಯಾವ ಒಡವೆ ಎಲ್ಲಿ ಕಾಣುತ್ತದೆಂದು ಪುಟ ಸಂಖ್ಯೆ ಹಾಕಿಡಿ. ಅಡವಿಟ್ಟ ಚಿನ್ನವಿದ್ದರೆ ಗಿರವಿ ಚೀಟಿಯ ಫೋಟೊ ಮರೆಯಬೇಡಿ, ಎಷ್ಟೋ ಮನೆಗಳಲ್ಲಿ ಹೆಂಡತಿಯ ಒಡವೆ ಗಂಡನ ಹೆಸರಿನ ಚಿನ್ನದ ಸಾಲದಲ್ಲಿ ಕೂತಿರುತ್ತದೆ.

ಜಂಟಿ ಉಳಿತಾಯ ಖಾತೆಯಲ್ಲಿ ಇಬ್ಬರಲ್ಲಿ ಯಾರು ಬೇಕಾದರೂ ಹಣ ತೆಗೆಯುವ ವ್ಯವಸ್ಥೆ ಇದ್ದರೆ, ಇನ್ನು ಮುಂದೆ ಇಬ್ಬರ ಸಹಿ ಇಲ್ಲದೆ ವ್ಯವಹಾರ ಮಾಡಬೇಡಿ ಎಂದು ಒಬ್ಬರೇ ಲಿಖಿತವಾಗಿ ತಿಳಿಸಬಹುದು. ಬ್ಯಾಂಕುಗಳು ಸಾಮಾನ್ಯವಾಗಿ ಅದನ್ನು ಪಾಲಿಸುತ್ತವೆ, ಪತ್ರದ ನಕಲಿನ ಮೇಲೆ ಮೊಹರು ಹಾಕಿಸಿಕೊಳ್ಳಿ. ಗೃಹಸಾಲದ ವಿಷಯ ಬೇರೆ. ನೀವು ಸಹಸಾಲಗಾರರಾಗಿದ್ದರೆ ಮನೆ ಬಿಟ್ಟರೂ, ವಿಚ್ಛೇದನವೇ ಆದರೂ, ಕಂತು ತಪ್ಪಿದರೆ ಬ್ಯಾಂಕು ನಿಮ್ಮನ್ನೂ ಹಿಡಿಯುತ್ತದೆ, ಸಿಬಿಲ್ ಅಂಕ ಬೀಳುತ್ತದೆ. ನಿಮ್ಮ ಖಾತೆಯಿಂದ ಹೋದ ಪ್ರತಿ ಕಂತಿನ ಸ್ಟೇಟ್‌ಮೆಂಟ್ ಸಾಲದ ಮೊದಲ ತಿಂಗಳಿನಿಂದ ತೆಗೆದಿಡಿ. ಆಸ್ತಿಯಲ್ಲಿ ನಿಮ್ಮ ಹೆಸರಿಲ್ಲದಿದ್ದರೂ ನಿಮ್ಮ ದುಡ್ಡು ಎಷ್ಟು ಸೇರಿದೆ ಎಂದು ತೋರಿಸುವ ಪುರಾವೆ ಅದು.

ಸಂರಕ್ಷಣಾಧಿಕಾರಿ: ವ್ಯವಸ್ಥೆ ಚೆನ್ನಾಗಿದೆ, ಸಮಯ ಸಿಗುವುದಿಲ್ಲ

ಕೌಟುಂಬಿಕ ಹಿಂಸೆ ಕಾಯ್ದೆಯಡಿ ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ, ಅಂದರೆ ತಾಲ್ಲೂಕಿನ ಸಿಡಿಪಿಒಗಳೇ, ಸಂರಕ್ಷಣಾಧಿಕಾರಿಗಳು. ಅಂಗನವಾಡಿಗಳ ಇಡೀ ಹೊಣೆ ಹೊತ್ತವರಿಗೇ ಇದನ್ನೂ ಕೊಟ್ಟಿರುವುದು ಈ ಸೇವೆಯ ದೊಡ್ಡ ದೌರ್ಬಲ್ಯ. ಅಧಿಕಾರಿ ಎಷ್ಟೇ ಒಳ್ಳೆಯವರಾಗಿದ್ದರೂ ಸಭೆ, ತಪಾಸಣೆಗಳ ನಡುವೆ ನಿಮ್ಮ ಅರ್ಜಿಗೆ ಬಿಡುವು ಸಿಗಬೇಕು.

ಆದರೂ ಹೋಗಲೇಬೇಕು ಎನ್ನುತ್ತೇವೆ, ಕಾರಣ ಕೌಟುಂಬಿಕ ಘಟನಾ ವರದಿ. ನಮೂನೆ 1ರಲ್ಲಿ ತುಂಬುವ ಈ ವರದಿಯಲ್ಲಿ ಆರ್ಥಿಕ ಹಿಂಸೆಗೆಂದೇ ಒಂದು ಭಾಗವಿದೆ: ಮನೆಯಿಂದ ಹೊರಹಾಕಿದ್ದು, ಮನೆಯ ಭಾಗಗಳಿಗೆ ಹೋಗಲು ಬಿಡದ್ದು, ಬಾಡಿಗೆ ಕಟ್ಟದ್ದು, ಒಪ್ಪಿಗೆಯಿಲ್ಲದೆ ಸ್ತ್ರೀಧನ ಮಾರಿದ್ದು ಎಲ್ಲಕ್ಕೂ ಜಾಗವಿದೆ. ಕೊನೆಯಲ್ಲಿ ಸ್ತ್ರೀಧನದ ಪಟ್ಟಿ ಲಗತ್ತಿಸಲೂ ಅವಕಾಶವಿದೆ. ಹೊಡೆದ ವಿಷಯ ಬರೆದು ಆಸ್ತಿಯ ಸಾಲುಗಳನ್ನು ಖಾಲಿ ಬಿಡುವುದೇ ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. ಒಡವೆಯ ಪಟ್ಟಿಯನ್ನು ಮೊದಲೇ ಸಿದ್ಧಮಾಡಿಕೊಂಡು ಹೋಗಿ. ವರದಿ ಮ್ಯಾಜಿಸ್ಟ್ರೇಟರಿಗೆ ಹೋಗುತ್ತದೆ, ಪ್ರತಿ ಪೊಲೀಸ್ ಠಾಣೆಗೂ ಹೋಗುತ್ತದೆ. ಅಧಿಕಾರಿ ಸಿಗಲಿಲ್ಲ, ವರದಿ ತಡವಾಯಿತು ಎಂದು ಕೇಸೇ ನಿಲ್ಲಬೇಕಿಲ್ಲ. ಆ ವರದಿ ಇಲ್ಲದೆಯೂ ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದೆಂದು ಪ್ರಭಾ ತ್ಯಾಗಿ ತೀರ್ಪೇ ಹೇಳಿದೆ.

ಕಾನೂನು ಸೇವಾ ಪ್ರಾಧಿಕಾರ: ಹೆಚ್ಚಿನವರಿಗೆ ಗೊತ್ತಿಲ್ಲದ ಸೇವೆ

ಉಚಿತ ವಕೀಲರು ಕಡುಬಡವರಿಗೆ ಮಾತ್ರ ಎಂದು ಓದಿದವರೂ ತಿಳಿದಿದ್ದಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಹೆಂಗಸರಿಗೆ ಆದಾಯದ ಮಿತಿಯೇ ಇಲ್ಲ. ಸಂಬಳ ಎಷ್ಟೇ ಇರಲಿ, ಆದಾಯ ಪ್ರಮಾಣಪತ್ರ ಬೇಡ. ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಪ್ರಾಧಿಕಾರ, ತಾಲ್ಲೂಕು ನ್ಯಾಯಾಲಯದಲ್ಲಿ ತಾಲ್ಲೂಕು ಸಮಿತಿ ಇದೆ. ರಾಜ್ಯ ಪ್ರಾಧಿಕಾರ ಇರುವುದು ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ. ಸಹಾಯವಾಣಿ 15100. ಬಿಳಿ ಹಾಳೆಯಲ್ಲಿ ವಿಷಯ ಬರೆದು, ಗುರುತಿನ ಚೀಟಿಯ ನಕಲು ಇಟ್ಟು ಕೊಟ್ಟರೆ ಸಾಕು. ವಕೀಲರ ಶುಲ್ಕದ ಜೊತೆಗೆ ನ್ಯಾಯಾಲಯದ ಶುಲ್ಕ, ನೋಟಿಸು ಜಾರಿಯ ಖರ್ಚು, ನಕಲುಗಳ ಖರ್ಚನ್ನೂ ಪ್ರಾಧಿಕಾರವೇ ನೋಡಿಕೊಳ್ಳುತ್ತದೆ. ನೇಮಕವಾದ ವಕೀಲರು ನಿಮ್ಮಿಂದ ಹಣ ಕೇಳುವಂತಿಲ್ಲ. ಕೇಳಿದರೆ, ಅಥವಾ ದಿನಾಂಕಗಳಿಗೆ ಬರದಿದ್ದರೆ, ಪ್ರಾಧಿಕಾರದ ಕಾರ್ಯದರ್ಶಿಗೆ ಬರೆದು ಬೇರೆಯವರನ್ನು ಕೇಳಿ. ಕಾರ್ಯದರ್ಶಿ ನ್ಯಾಯಾಧೀಶರೇ ಆಗಿರುತ್ತಾರೆ, ಇಂಥ ಪತ್ರಕ್ಕೆ ಬೆಲೆ ಇದೆ.

ನಮ್ಮ ತೂಕದಲ್ಲಿ, ಜೀವನಾಂಶ ಮತ್ತು ಕೌಟುಂಬಿಕ ಹಿಂಸೆಯ ಅರ್ಜಿಗಳಿಗೆ ಈ ಸೇವೆ ಚೆನ್ನಾಗಿ ಸಾಕು. ಹಲವು ಆಸ್ತಿಗಳಿರುವ ವಿಭಾಗದ ದಾವೆಗೆ, ಕಂಪನಿ ಷೇರು ಮತ್ತು ಪಾಲುದಾರಿಕೆ ವ್ಯವಹಾರ ಬೆರೆತ ಪ್ರಕರಣಕ್ಕೆ, ಸಿವಿಲ್ ಕೆಲಸವನ್ನೇ ಮಾಡುವ ವಕೀಲರು ಬೇಕು.

ಅರ್ಜಿಯಲ್ಲಿ ಏನು ಕೇಳಿಸಬೇಕು ಎಂಬುದನ್ನು ನೀವೇ ತಿಳಿದಿರಬೇಕು. ಕೌಟುಂಬಿಕ ಹಿಂಸೆ ಕಾಯ್ದೆಯ 12ನೇ ಕಲಂ ಅಡಿಯ ಅರ್ಜಿಯಲ್ಲಿ ಬರೀ ಜೀವನಾಂಶ ಕೇಳಿ ಬಿಟ್ಟರೆ ಅಷ್ಟೇ ಸಿಗುತ್ತದೆ. ಅದೇ ಕಾಯ್ದೆಯ 18ನೇ ಕಲಂ ಅಡಿ, ಇಬ್ಬರೂ ಬಳಸುತ್ತಿದ್ದ ಬ್ಯಾಂಕ್ ಖಾತೆ ಮತ್ತು ಲಾಕರನ್ನು ನ್ಯಾಯಾಲಯದ ಅನುಮತಿಯಿಲ್ಲದೆ ಮುಟ್ಟದಂತೆ, ಆಸ್ತಿ ಪರಭಾರೆ ಮಾಡದಂತೆ ತಡೆ ಕೇಳಿ. 19ನೇ ಕಲಂ ಅಡಿ, ಮನೆಯಲ್ಲಿ ವಾಸಿಸಲು ಅಡ್ಡಿ ಮಾಡದಂತೆ, ಮನೆ ಮಾರದಂತೆ, ಅಡವಿಡದಂತೆ ಆದೇಶ ಕೇಳಿ. ಮರಳಿ ಹೋಗುವ ಮನಸ್ಸಿಲ್ಲದಿದ್ದರೆ ಅದೇ ಮಟ್ಟದ ಬೇರೆ ಮನೆ ಅಥವಾ ಅದರ ಬಾಡಿಗೆ ಕೇಳಲೂ ಅಲ್ಲೇ ದಾರಿಯಿದೆ. ಸ್ತ್ರೀಧನ ವಾಪಸು ಕೇಳುವುದೂ 19ರಲ್ಲೇ, 8ನೇ ಉಪಕಲಂ. ಇವೆಲ್ಲವನ್ನೂ ಮಧ್ಯಂತರವಾಗಿ ಕೊಡಿ ಎಂದು 23ನೇ ಕಲಂ ಅಡಿ ನಮೂನೆ 3ರ ಪ್ರಮಾಣಪತ್ರದೊಂದಿಗೆ (ಅಫಿಡವಿಟ್) ಕೇಳದಿದ್ದರೆ ತೀರ್ಪಿನವರೆಗೆ ಕಾಯಬೇಕಾಗುತ್ತದೆ. 60 ದಿನದಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳಿದರೂ ಎದುರಿನವರು ನೋಟಿಸು ತೆಗೆದುಕೊಳ್ಳದೆ, ವಾಯಿದೆ ಕೇಳುತ್ತ ಎಳೆಯುತ್ತಾರೆ. ಹಾಗಾಗಿ ಮಧ್ಯಂತರ ಆದೇಶವೇ ಜೀವಾಳ. ಆದೇಶದ ಪ್ರತಿ ಉಚಿತವಾಗಿ ಸಿಗುತ್ತದೆ. ಬ್ಯಾಂಕಿಗೆ, ಉಪನೋಂದಣಾಧಿಕಾರಿಗೆ, ಠಾಣೆಗೆ ನೀವೇ ತಲುಪಿಸಿ ಸ್ವೀಕೃತಿ ಪಡೆಯಿರಿ. ಸಂರಕ್ಷಣಾ ಆದೇಶ ಮುರಿದರೆ ಒಂದು ವರ್ಷದವರೆಗೆ ಸಜೆ, 20,000 ರೂಪಾಯಿವರೆಗೆ ದಂಡ ಇದೆ.

ಇನ್ನೂ ಒಂದು ಅನುಕೂಲ: ಅರ್ಜಿಯನ್ನು ಗಂಡನ ಊರಿನಲ್ಲೇ ಹಾಕಬೇಕಿಲ್ಲ. ತಾತ್ಕಾಲಿಕವಾಗಿ ವಾಸವಿರುವ ಊರಿನ ಮ್ಯಾಜಿಸ್ಟ್ರೇಟರೂ ಕೇಳಬಹುದು. ಮನೆ ಬೆಂಗಳೂರಿನಲ್ಲಿದ್ದು ತವರು ಹುಬ್ಬಳ್ಳಿಯಾದರೆ ಹುಬ್ಬಳ್ಳಿಯಲ್ಲೇ ಹಾಕಿ. ಮುಸ್ಲಿಂ, ಕ್ರೈಸ್ತ ಹೆಣ್ಣುಮಕ್ಕಳಿಗೂ ಈ ಕಾಯ್ದೆ ಹಾಗೇ ಅನ್ವಯಿಸುತ್ತದೆ. ಮುಸ್ಲಿಂ ಮಹಿಳೆಯರು ಮೆಹರ್ ಬಾಕಿಯನ್ನು ಪ್ರತ್ಯೇಕವಾಗಿ ಪಟ್ಟಿಯಲ್ಲಿ ಸೇರಿಸಬೇಕು.

ಹೊರಡುವ ದಿನದ ಪತ್ರ

ಯಾವ ಕಚೇರಿಯೂ ನಿಮಗೆ ಬರೆದುಕೊಡದ ಕಾಗದ ಇದು. ಮನೆ ಬಿಟ್ಟ ಎರಡು ಮೂರು ದಿನದೊಳಗೆ ಗಂಡನಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಒಂದು ಪತ್ರ, ಅದರದೇ ಪ್ರತಿ ಇಮೇಲಿನಲ್ಲಿ. "ಇಂಥ ಕಾರಣದಿಂದ ಈ ಮನೆಯಲ್ಲಿ ವಾಸಿಸುವುದು ನನಗೆ ಅಸಾಧ್ಯವಾದ್ದರಿಂದ ಇಂಥ ದಿನ ಹೊರಬಂದಿದ್ದೇನೆ. ಮನೆಯ ಮೇಲಿನ, ನನ್ನ ಸ್ತ್ರೀಧನದ ಮೇಲಿನ ಯಾವ ಹಕ್ಕನ್ನೂ ಬಿಟ್ಟಿಲ್ಲ. ಲಗತ್ತಿಸಿದ ಮೊದಲ ಪಟ್ಟಿಯ ವಸ್ತುಗಳನ್ನು ತಂದಿದ್ದೇನೆ, ಎರಡನೇ ಪಟ್ಟಿಯವು ನಿಮ್ಮ ವಶದಲ್ಲಿವೆ." ಇಷ್ಟು ಸಾಕು, ಬೈಗುಳ ಬೇಡ.

ಇದರಿಂದ ಎರಡು ಕೆಲಸವಾಗುತ್ತವೆ. ಹಿಂದೂ ವಿವಾಹ ಕಾಯ್ದೆಯಡಿ ಪರಿತ್ಯಾಗದ ಆರೋಪ ನಿಲ್ಲಬೇಕಾದರೆ ಸಕಾರಣವಿಲ್ಲದೆ, ಮರಳುವ ಇಚ್ಛೆಯಿಲ್ಲದೆ ಎರಡು ವರ್ಷ ಸತತವಾಗಿ ದೂರವಿರಬೇಕು. ಕಾರಣವನ್ನು ಆ ವಾರವೇ ಬರೆದಿಟ್ಟ ಪತ್ರ ಆ ಆರೋಪದ ಬುಡವನ್ನೇ ಅಲುಗಿಸುತ್ತದೆ. ಜೀವನಾಂಶದ ಅರ್ಜಿಗೂ ಇದೇ ಆಧಾರ, ಸಕಾರಣವಿಲ್ಲದೆ ಗಂಡನ ಜೊತೆ ಇರಲು ನಿರಾಕರಿಸಿದಳು ಎಂಬುದೇ ಅಲ್ಲಿ ಬರುವ ಮೊದಲ ತಕರಾರು. ಹತ್ತಿರದ ಠಾಣೆಗೂ ಒಂದು ಅರ್ಜಿ ಕೊಟ್ಟು ಹಿಂಬರಹ ಅಥವಾ ಸ್ವೀಕೃತಿ ಪಡೆಯಿರಿ, ಇಲ್ಲದಿದ್ದರೆ ಮೊದಲ ದೂರು ನಿಮ್ಮ ಮೇಲೆಯೇ ದಾಖಲಾಗಬಹುದು.

ಕೈಯಲ್ಲಿ ತರಬೇಕಾದ್ದು: ನಿಮ್ಮ ಮತ್ತು ಮಕ್ಕಳ ಆಧಾರ್, ಪ್ಯಾನ್, ಪಾಸ್‌ಪೋರ್ಟ್, ಜನನ ಪ್ರಮಾಣಪತ್ರ, ಅಂಕಪಟ್ಟಿಗಳ ಮೂಲ ಪ್ರತಿಗಳು, ವಿವಾಹ ನೋಂದಣಿ ಪತ್ರ, ಲಗ್ನಪತ್ರಿಕೆ, ಆಲ್ಬಂ. ಗಂಡನ ಸಂಬಳದ ಚೀಟಿ, ತೆರಿಗೆ ವಿವರ, ವಿಮೆ, ಷೇರಿನ ಕಾಗದಗಳದ್ದು ಫೋಟೊ ಮಾತ್ರ ಸಾಕು, ಮೂಲ ಪ್ರತಿ ಎತ್ತಿಕೊಂಡು ಬರಬೇಡಿ. 2020ರ ರಜನೇಶ್ ವಿರುದ್ಧ ನೇಹಾ ತೀರ್ಪಿನ ನಂತರ ಜೀವನಾಂಶದ ಪ್ರಕರಣದಲ್ಲಿ ಇಬ್ಬರೂ ಆಸ್ತಿ ಮತ್ತು ಸಾಲದ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಲೇಬೇಕು. ಅದರಲ್ಲಿ ಅವರು ಮುಚ್ಚಿಟ್ಟದ್ದನ್ನು ತೋರಿಸಲು ನಿಮ್ಮ ಫೋನಿನಲ್ಲಿರುವ ಫೋಟೊ ಬೇಕಾಗುತ್ತದೆ. ಖಾಲಿ ಛಾಪಾ ಕಾಗದಕ್ಕೆ, "ಬರೀ ಒಂದು ಸಹಿ" ಎಂದು ತಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲೇಬೇಡಿ. ನೋಂದಣಿಯಾದ ಬಿಡುಗಡೆ ಪತ್ರವನ್ನು ರದ್ದು ಮಾಡಿಸಲು ಸಿವಿಲ್ ದಾವೆಯೇ ಬೇಕು.

ಜಂಟಿ ಮಾಲೀಕರಿಗೆ, ಗಂಡಸರಿಗೆ

ಮನೆ ಬಿಟ್ಟು ಹೋದವರು ಗಂಡನಾದರೂ ಜಂಟಿ ಕ್ರಯಪತ್ರದಲ್ಲಿ ಅವರ ಪಾಲು ಹಾಗೇ ಇರುತ್ತದೆ. ಒಬ್ಬ ಸಹಮಾಲೀಕರ ಸ್ವಾಧೀನ ಎಲ್ಲರ ಸ್ವಾಧೀನ ಎಂಬುದೇ ಕಾನೂನು. ಆದರೆ ಕೌಟುಂಬಿಕ ಹಿಂಸೆ ಕಾಯ್ದೆಯ ವಾಸದ ಹಕ್ಕು ಗಂಡಸರಿಗಿಲ್ಲ. ಮನೆ ಪೂರ್ತಿ ಹೆಂಡತಿಯ ಹೆಸರಿನಲ್ಲಿದ್ದು ಕಂತು ತಾನು ಕಟ್ಟಿದ್ದರೆ, ಹಣದ ಮೂಲದ ಪುರಾವೆ ಹಿಡಿದು ಕೌಟುಂಬಿಕ ನ್ಯಾಯಾಲಯದಲ್ಲಿ ಹಕ್ಕು ಘೋಷಣೆ ಕೇಳಬೇಕಾಗುತ್ತದೆ.

ವಿಭಾಗದ ದಾವೆ ಹಾಕುವ ಜಂಟಿ ಮಾಲೀಕರಿಗೆ ಒಂದು ಸೂಕ್ಷ್ಮವಿದೆ. 1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಕಾಯ್ದೆಯ 35ನೇ ಕಲಂ ಪ್ರಕಾರ ಜಂಟಿ ಸ್ವಾಧೀನದಲ್ಲಿರುವವರು ದಾವೆ ಹಾಕಿದರೆ ಶುಲ್ಕ ಹೆಚ್ಚೆಂದರೆ 200 ರೂಪಾಯಿ. ಸ್ವಾಧೀನದಿಂದ ಹೊರಗಿಟ್ಟಿದ್ದಾರೆ ಎಂದಾದರೆ ತಮ್ಮ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಲಕ್ಷಗಟ್ಟಲೆ ಆಗಬಹುದು. "ನನ್ನನ್ನು ಆಸ್ತಿಯಿಂದ ಸಂಪೂರ್ಣ ಹೊರಹಾಕಿದ್ದಾರೆ" ಎಂದು ದಾವೆಯಲ್ಲಿ ಆವೇಶದಿಂದ ಬರೆದ ಒಂದು ಸಾಲಿಗೆ ಇಷ್ಟು ಬೆಲೆ ತೆರಬೇಕಾಗುತ್ತದೆ. ಒಂದು ಬೀಗದ ಕೈ, ಒಂದಿಷ್ಟು ಸಾಮಾನು ಮನೆಯಲ್ಲಿ ಉಳಿದಿದ್ದರೆ ಅದನ್ನೂ, ತೆರಿಗೆ ಕಂತು ಕಟ್ಟುತ್ತಿದ್ದರೆ ಅದನ್ನೂ ಬರೆಯಿಸಿ.

ಮಧ್ಯಸ್ಥಿಕೆ ಕೇಂದ್ರ: ರಾಜಿಗೆ ಒಳ್ಳೆಯದು, ಕರಡನ್ನು ಮಾತ್ರ ನೀವೇ ಓದಿ

ಇಬ್ಬರೂ ಮಾತಿಗೆ ಸಿದ್ಧರಿದ್ದರೆ ನ್ಯಾಯಾಲಯದ ಮಧ್ಯಸ್ಥಿಕೆ ಕೇಂದ್ರ ವರ್ಷಗಟ್ಟಲೆ ಅಲೆದಾಟ ಉಳಿಸುತ್ತದೆ. ಅಲ್ಲಿ ಆಡಿದ ಮಾತು ಗೋಪ್ಯ, ಮುಂದೆ ಸಾಕ್ಷ್ಯವಾಗುವುದಿಲ್ಲ. ಹಿಂಸೆಯ ಭಯ ಇನ್ನೂ ಇದ್ದರೆ, ಎದುರಿನವರು ಆಸ್ತಿ ಸಾಗಿಸುತ್ತಿರುವ ಅನುಮಾನವಿದ್ದರೆ, ಮಧ್ಯಂತರ ತಡೆಯಾಜ್ಞೆ ಸಿಗುವ ಮುಂಚೆ ಅಲ್ಲಿ ಕೂರಬೇಡಿ. ಮಾತುಕತೆ ನಡೆಯುವ ತಿಂಗಳುಗಳಲ್ಲೇ ದಾನಪತ್ರಗಳಾಗುತ್ತವೆ.

ರಾಜಿಯಾದ ಮೇಲೂ ಎಡವುವುದು ಕರಡಿನಲ್ಲಿ. "ಜಯನಗರದ ಫ್ಲ್ಯಾಟನ್ನು ಪತ್ನಿಗೆ ಕೊಡತಕ್ಕದ್ದು" ಎಂಬ ಒಂದು ಸಾಲು ಸಾಲದು. ಆ ಸ್ವತ್ತು ಮೂಲ ಅರ್ಜಿಯ ಷೆಡ್ಯೂಲಿನಲ್ಲಿ (ಆಸ್ತಿ ವಿವರದ ಪಟ್ಟಿಯಲ್ಲಿ) ಇಲ್ಲದಿದ್ದರೆ ರಾಜಿ ಡಿಕ್ರಿಯನ್ನು ಪ್ರತ್ಯೇಕ ಶುಲ್ಕ ಕಟ್ಟಿ ನೋಂದಾಯಿಸಬೇಕಾಗುತ್ತದೆ, ಇಲ್ಲದೆ ಹಕ್ಕು ವರ್ಗವಾಗುವುದಿಲ್ಲ. ಆದ್ದರಿಂದ ಪರಸ್ಪರ ಒಪ್ಪಿಗೆಯ ವಿಚ್ಛೇದನದ ಅರ್ಜಿಯಲ್ಲೇ ಸ್ವತ್ತಿನ ಸಂಖ್ಯೆ, ಅಳತೆ, ಚಕ್ಕುಬಂದಿ ಸಮೇತ ಷೆಡ್ಯೂಲ್ ಹಾಕಿಸಿ. ಸಾಲ ಬಾಕಿಯಿದ್ದರೆ ಕಂತು ಯಾರು ಕಟ್ಟುತ್ತಾರೆ, ಬ್ಯಾಂಕಿನಿಂದ ಹೆಸರು ತೆಗೆಸುವುದು ಯಾವ ದಿನದೊಳಗೆ, ತಪ್ಪಿದರೆ ಏನು ಎಂಬುದನ್ನು ಬರೆಯಿಸಿ. ಬ್ಯಾಂಕು ಹೆಸರು ಬಿಡುವುದು ಉಳಿದವರ ಆದಾಯ ನೋಡಿ, ನಿಮ್ಮ ಡಿಕ್ರಿ ನೋಡಿ ಅಲ್ಲ. ಹಣ ಕೊಡುವ ಒಪ್ಪಂದವಾದರೆ ಇಬ್ಬರೂ ವಿಚ್ಛೇದನಕ್ಕೆ ಎರಡನೇ ಸಲ ಒಪ್ಪಿಗೆಯ ಹೇಳಿಕೆ ಕೊಡುವ ದಿನ ನ್ಯಾಯಾಧೀಶರ ಎದುರೇ ಡಿಮ್ಯಾಂಡ್ ಡ್ರಾಫ್ಟ್ ಕೈಗೆ ಬರಬೇಕು. ಮುಂದಿನ ತಾರೀಖಿನ ಚೆಕ್ಕಿಗೆ ಒಪ್ಪಬೇಡಿ.